ನಿಲ್ಲಿಸುವ ಪಾಠ

ನಿಂಬೆಹಣ್ಣು ಮುಂದಿನ ಚಕ್ರದಡಿ ಪಚಕ್ಕೆಂದು ಒಡೆದಾಗ ಕೇರಿಯವರೆಲ್ಲ ಕೈ ಮುಗಿದರು. ಪರಮಶಿವಪ್ಪನೂ ಮುಗಿಯುತ್ತಿದ್ದನೇನೋ, ಆದರೆ ಅವನ ಎರಡೂ ಕೈ ಹ್ಯಾಂಡಲ್ಲಿಗೆ ಅಂಟಿಕೊಂಡಿದ್ದವು. ಹಿಂದಿನ ಸೀಟಿನಲ್ಲಿ ಅವನ ಅವ್ವ ವೀರಮ್ಮ ಹಣ್ಣುಕಾಯಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಕಾಲು ಒಂದು ಕಡೆಗೆ ಇಳಿಬಿಟ್ಟು ಕೂತಿದ್ದಳು. ಮನೆಗೆ ಹೊಸ ಗಾಡಿ ಬಂದರೆ ಮೊದಲ ಸವಾರಿ ಮನೆಯ ಹಿರಿಯಳದು, ಅದೂ ಬಂದಳಿಕೆಯ ಅಮ್ಮನ ಗುಡಿಗೆ. ಎತ್ತಿನ ಗಾಡಿಗೆ ನಡೆದುಬಂದದ್ದು ಫಟಫಟಿಗೆ ಯಾಕೆ ಬೇಡ ಎಂದು ಅವಳು ಕೇಳಿದ್ದಳು.

ಬೇಡ ಎನ್ನಲು ಮಗನಿಗೆ ಕಾರಣ ಇತ್ತು, ಬಾಯಿಬಿಟ್ಟು ಹೇಳುವಂತಿರಲಿಲ್ಲ. ಅವನಿಗೆ ಗಾಡಿ ನಿಲ್ಲಿಸಲು ಬರುತ್ತಿರಲಿಲ್ಲ.

ಶಿವಮೊಗ್ಗದಿಂದ ಗಾಡಿ ತಂದುಕೊಟ್ಟ ಆನಂದಪ್ಪ ಅಂಜನಾಪುರದ ಕೆರೆ ಏರಿಯ ಮೇಲೆ ಒಂದು ಮಧ್ಯಾಹ್ನ ಪಾಠ ಮಾಡಿದ್ದ. ಕಿಕ್ ಹೊಡೆಯುವುದು, ಗೇರು ಹಾಕುವುದು, ಹಾರ್ನ್ ಒತ್ತುವುದು ಮುಗಿಯಿತು. ಬ್ರೇಕಿಗೆ ಬರುವಷ್ಟರಲ್ಲಿ ಬಸ್ಸು ಬಂತು. "ಉಳಿದದ್ದು ತಾನಾಗೇ ಬರ್ತೈತ್ರಿ" ಎಂದು ಆನಂದಪ್ಪ ಹತ್ತಿಕೊಂಡು ಹೋಗಿಬಿಟ್ಟ. ಅಂದಿನಿಂದ ಪರಮಶಿವಪ್ಪ ಹುಲ್ಲಿನ ಬಣವೆಗೆ ನುಗ್ಗಿಯೇ ನಿಲ್ಲುತ್ತಿದ್ದ. ಊರ ಹೊರಗಿನ ಬಣವೆಗಳಲ್ಲೆಲ್ಲ ಅವನ ಅಚ್ಚು ಬಿದ್ದಿತ್ತು. ಎಮ್ಮೆಗಳು ಬಹಳ ಮರ್ಯಾದೆಯಿಂದ ಆ ಆಕಾರ ಬಿಟ್ಟು ಸುತ್ತಲೂ ಮೇಯುತ್ತಿದ್ದವು. ಬ್ರೇಕಿನ ವಿಷಯ ಯಾರನ್ನಾದರೂ ಕೇಳೋಣವೆಂದರೆ, "ಹೋರಿ ಪಳಗಿಸಿದೋನಿಗೆ ಇದೇನ್ ಮಹಾ" ಎಂದು ಕಟ್ಟೆಯ ಮೇಲೆ ತಾನೇ ಆಗಲೇ ಹೇಳಿಯಾಗಿತ್ತು.

"ವೀರಮ್ಮಾರೇ, ಬಂದಳಿಕ್ಯಾಗೆ ಬಣವಿ ಇಲ್ಲ ನೋಡ್ರಿ" ಎಂದ ಪಕ್ಕದ ಮನೆಯ ಚೌಡಪ್ಪ. "ಬರೇ ಕಲ್ಲಿನ ಗುಡಿ ಅದಾವು."

"ನಡಿಯಪ ನೀನು" ಎಂದಳು ವೀರಮ್ಮ ಮಗನಿಗೆ.

ಊರು ದಾಟಿತು. ಅವ್ವನ ಕೈ ಅವನ ಸೊಂಟವನ್ನು ಬಳಸಿತ್ತು. ಹಗುರ ಕೈ, ಆದರೂ ಭತ್ತದ ಮೂಟೆಗಿಂತ ಭಾರವೆನಿಸಿತು. ಬಿದ್ದರೆ ತಾನೇನೋ ಎದ್ದಾನು, ಅವ್ವನ ಈ ವಯಸ್ಸಿನ ಮೂಳೆ ಏಳುತ್ತದೆಯೇ?

ಇಳಿಜಾರಿನ ಕೊನೆಯಲ್ಲಿ ಗಡಿಗೆ ತುಂಬಿದ ಕುಂಬಾರನ ಗಾಡಿ ರಸ್ತೆಗೆ ಅಡ್ಡ ನಿಂತಿತ್ತು. ಪರಮಶಿವಪ್ಪ ಹಾರ್ನ್ ಒತ್ತಲಿಲ್ಲ. "ಹೋ... ಹೋ..." ಎಂದು ಗದರಿದ. ಹಗ್ಗ ಜಗ್ಗುವ ಹಾಗೆ ಎರಡೂ ಮುಷ್ಟಿ ಎದೆಯ ಕಡೆಗೆ ಎಳೆದ. ಬಲಮುಷ್ಟಿಯೊಳಗೆ ಇದ್ದದ್ದು ಎಕ್ಸಿಲೇಟರು. ಅದು ತಿರುಗಿ ಗಾಡಿ ಹೂಂಕರಿಸಿತು. ಹೆದರಿ ಇನ್ನೂ ಎಳೆದ, ಗಾಡಿ ಇನ್ನೂ ಓಡಿತು. ಕುಂಬಾರ ಒಂದು ಗಡಿಗೆ ತಬ್ಬಿಕೊಂಡು ಕಣ್ಣು ಮುಚ್ಚಿದ.

ಕಿವಿಯ ಹತ್ತಿರ ಅವ್ವನ ದನಿ ಬಂತು. "ಎಳೀಬ್ಯಾಡ. ಸಣ್ಣೋನಿದ್ದಾಗಿಂದ ಇದೇ ಬುದ್ಧಿ. ಸಡ್ಲ ಬಿಡು."

ನಲವತ್ತರ ಮಗ ಹತ್ತರ ಹುಡುಗನ ಹಾಗೆ ಮುಷ್ಟಿ ಸಡಿಲಿಸಿದ. ಗಾಡಿಯ ಆರ್ಭಟ ಇಳಿಯಿತು. ರಸ್ತೆ ಬಿಟ್ಟು ಉತ್ತ ಹೊಲಕ್ಕೆ ಇಳಿದು, ಮಣ್ಣು ಕೊಚ್ಚುತ್ತ ಸ್ವಲ್ಪ ದೂರ ಹೋಗಿ, ಕೆಮ್ಮಿ ಸುಮ್ಮನಾಯಿತು. ಅವನ ಎರಡೂ ಕಾಲು ನೆಲದ ಮೇಲಿದ್ದವು. ಅವ್ವ ಸೀಟಿನ ಮೇಲೇ ಇದ್ದಳು. ಬುಟ್ಟಿಯೂ ಇತ್ತು.

"ಅವ್ವಾ, ನಂಗೆ ನಿಲ್ಸಾಕೆ ಬರಲ್ಲ."

"ಗೊತ್ತೈತಿ. ನಿನ್ನ ಅಂಗ್ಯಾಗಿನ ಹುಲ್ಲು ಆರಿಸ್ತಿರೋಳು ನಾನೇ ಅಲ್ವಾ?"

"ಮತ್ಯಾಕೆ ಹತ್ತಿದಿ?"

ವೀರಮ್ಮ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. "ಬೆನ್ನ ಹಿಂದೆ ನಾನಿದ್ರೆ ಮೆಲ್ಲಗೆ ಹೊಡೀತಿ ಅಂತ."

ಕುಂಬಾರನೂ ಕೈ ಹಚ್ಚಿ ಗಾಡಿಯನ್ನು ರಸ್ತೆಗೆ ತಳ್ಳಿಕೊಟ್ಟ. ವೀರಮ್ಮ ಬದುವಿನಿಂದ ಒಂದು ಕಲ್ಲು ಹೆಕ್ಕಿ ತಂದು, ಏರಿನಲ್ಲಿ ಎತ್ತಿನ ಗಾಡಿಗೆ ಕೊಡುವ ಹಾಗೆ ಹಿಂದಿನ ಚಕ್ರಕ್ಕೆ ಒತ್ತುಕೊಟ್ಟಳು. ಮಗ ಕಿಕ್ ಹೊಡೆದ ಮೇಲೆ ಕಲ್ಲು ತೆಗೆದು ಬುಟ್ಟಿಯಲ್ಲಿಟ್ಟುಕೊಂಡು ಹತ್ತಿದಳು.

"ಬಂದಳಿಕ್ಯಾಗೆ ಕಲ್ಲಿಗೇನು ಬರ ಐತೇನವ್ವಾ?" ಎಂದ ಕುಂಬಾರ.

"ಅವು ದೇವ್ರವು. ಇದು ನಮ್ದು."

ಗಾಡಿ ಎತ್ತಿನ ನಡಿಗೆಯಲ್ಲಿ ಹೊರಟಿತು. ಪರಮಶಿವಪ್ಪನ ಬೆನ್ನ ಹಿಂದೆ, ಗಾಡಿಯ ಕುಲುಕಿಗೆ, ಬುಟ್ಟಿಯಲ್ಲಿ ಕಾಯಿಗೆ ಕಲ್ಲು ತಾಗಿ ಟಕ್ ಎಂದಿತು. ಅವನು ಮುಷ್ಟಿ ಇನ್ನಷ್ಟು ಸಡಿಲಿಸಿದ. ಬಹಳ ಹೊತ್ತಿನ ಮೇಲೆ ಇನ್ನೊಂದು ಸಲ ಟಕ್ ಎಂದಿತು.