ನಾಲ್ಕು ಮೂಲೆಗೆ ಅರಿಶಿನ

"ಹೆಸರಿಲ್ಲದೆ ಅಚ್ಚು ಹಾಕ್ಕೊಳ್ಳಿ. ನಾನು ನೋಡ್ಲಿಲ್ಲ ಅಂದ್ಕೋತೀನಿ" ಅಂದರು ಲಕ್ಷ್ಮಯ್ಯನವರು.

ಬಳೇಪೇಟೆಯ ಗಲ್ಲಿಯೊಂದರಲ್ಲಿ ಮದುವೆ ಕಾರ್ಡು ಅಚ್ಚು ಹಾಕುವ ಪ್ರೆಸ್ಸು ಅವರದು. ನಾನು ಅಲ್ಲಿ ಮೆಷಿನ್ ಓಡಿಸುತ್ತೇನೆ. ಕಾರ್ಡಿನ ಜೊತೆಗೆ ನಾವು ಅಚ್ಚು ಹಾಕುತ್ತಿದ್ದ ಒಂದೇ ಒಂದು ಪತ್ರಿಕೆ 'ಎದುರುಮನೆ'. ನಾಲ್ಕು ಪುಟದ ವಾರಪತ್ರಿಕೆ. ಯಶೋಧರಾ ಮೇಡಂ ಚಾಮರಾಜಪೇಟೆಯ ಮಹಡಿ ಕೋಣೆಯೊಂದರಲ್ಲಿ ಕೂತು ಅದನ್ನು ತರುತ್ತಿದ್ದರು. ಈಗ ಅವರು ಜೈಲಿನಲ್ಲಿದ್ದರು, ನಮ್ಮೆದುರು ನಿಂತಿದ್ದವಳು ಅವರ ಮಗಳು ವಿಶಾಖಾ.

ಮೇಡಂ ಮಾಡಿದ ಅಪರಾಧ ಇಷ್ಟು. ಪೌರಕಾರ್ಮಿಕರ ಮುಷ್ಕರದ ಹೊತ್ತಿನಲ್ಲಿ ನಾಲ್ಕು ಹುಡುಗರನ್ನು ಭದ್ರತಾ ಕಾಯ್ದೆಯಡಿ ಎತ್ತಿಕೊಂಡು ಹೋದರು. ಎಲ್ಲಿಟ್ಟಿದ್ದಾರೆ ಅಂತ ಹೆತ್ತವರಿಗೂ ಹೇಳಲಿಲ್ಲ. ಮೇಡಂ ಹುಡುಕಿ, ಹುಡುಗರ ಹೆಸರನ್ನೂ ಇಟ್ಟಿದ್ದ ಜಾಗವನ್ನೂ ಬರೆದರು. ಅದೇ ಕಾಯ್ದೆಯಡಿ ಅವರನ್ನೂ ಒಳಗೆ ಹಾಕಿದರು. ದೇಶದ ಭದ್ರತೆಗೆ ಧಕ್ಕೆಯಂತೆ. ನಾಲ್ಕು ಹುಡುಗರ ಹೆಸರು ಓದಿದರೆ ಅಲ್ಲಾಡಿಹೋಗುವ ದೇಶ ಎಂಥದ್ದು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು, ಬಿಡಿ. ಅರ್ಥವಾಗಬೇಕಾದ ದೊಡ್ಡ ಪೇಪರಿನವರು ಮೇಡಂ ಹೆಸರನ್ನೂ ಹಾಕದೆ 'ಶಂಕಿತ ಮಹಿಳೆ' ಅಂತ ಮೂರು ಸಾಲು ಬರೆದು ಕೈ ತೊಳೆದುಕೊಂಡರು.

ಗುರುವಾರ ಜಾಮೀನಿನ ವಿಚಾರಣೆಯಿತ್ತು. 'ಎದುರುಮನೆ' ಪತ್ರಿಕೆಯೇ ಅಲ್ಲ, ಅದು ಕದ್ದು ಹಂಚುವ ಕರಪತ್ರ ಅಂತ ಸರ್ಕಾರಿ ವಕೀಲರು ಬರೆದುಕೊಟ್ಟಿದ್ದರು. ಅದು ಸುಳ್ಳು ಅಂತ ತೋರಿಸಬೇಕಾದರೆ ವಿಚಾರಣೆಗೆ ಮುಂಚೆ ಇನ್ನೊಂದು ಸಂಚಿಕೆ ಹೊರಬರಬೇಕು, ಕೊನೆಯ ಸಾಲಿನಲ್ಲಿ ಮುದ್ರಕರ ಹೆಸರಿರಬೇಕು.

"ಹೆಸರಿಲ್ದೆ ತಂದ್ರೆ ಅವ್ರು ಹೇಳಿದ್ದೇ ನಿಜ ಆಗುತ್ತೆ ಸಾರ್" ಅಂದಳು ವಿಶಾಖಾ.

"ವಿಳಾಸ ಹಾಕ್ಕೋ, ಫೋನ್ ನಂಬರ್ ಹಾಕ್ಕೋ. ನನ್ನ ಹೆಸರು ಮಾತ್ರ ಬೇಡಮ್ಮ. ಮೊನ್ನೆ ಸ್ಟೇಷನ್ನಿಂದ ಬಂದಿದ್ರು. ಕುರ್ಚಿ ಹಾಕಿದ್ರೂ ಕೂರ್ಲಿಲ್ಲ. ಕೂರ್ದೇ ಇರೋ ಪೊಲೀಸು ಒಳ್ಳೇದಲ್ಲ."

ನನಗೆ ತಲೆ ಕೆಟ್ಟಿತು. "ನನ್ನ ಹೆಸರು ಹಾಕು."

"ಯೋಚನೆ ಮಾಡಿ ಹೇಳು ನಂದೀಶ" ಅಂದಳು ಅವಳು.

"ಯೋಚನೆ ಮಾಡಿದ್ರೆ ಹಾಕಕ್ಕಾಗಲ್ಲ. ಹಾಕು."

"ಆಮೇಲೆ ನಿಂಗೆ ಹೆಣ್ಣು ಕೊಡೋರು ಯಾರೋ?" ಅಂದರು ಲಕ್ಷ್ಮಯ್ಯನವರು.

"ಈಗೇನು ಕ್ಯೂ ನಿಂತಿದಾರಾ ಸಾರ್?"

ಅವರು ಒಳಗೆ ಹೋದರು. ಹೇಡಿ ಮುದುಕ ಅಂತ ಮನಸ್ಸಿನಲ್ಲೇ ಬೈದೆ. ಮನಸ್ಸಿನಲ್ಲೇ ಅಂದುಕೊಂಡಿದ್ದೆ, ವಿಶಾಖಾಗೆ ಕೇಳಿಸಿತಂತೆ.

ನ್ಯೂಸ್‌ಪ್ರಿಂಟ್ ಕೊಡುತ್ತಿದ್ದವನು ಫೋನೇ ಎತ್ತಲಿಲ್ಲ. ಕಾರ್ಡಿಗೆ ತರಿಸಿ ಉಳಿದಿದ್ದ ಕೆನೆ ಬಣ್ಣದ ಕಾಗದದಲ್ಲೇ ಅಚ್ಚು ಹಾಕಿದೆ. ಆ ಹುಡುಗರ ಸುದ್ದಿ ಮತ್ತೆ, ಹೆಸರುಗಳು ಮತ್ತೆ. ಕೊನೆಯ ಪುಟದಲ್ಲಿ ಚೌಕಟ್ಟಿನೊಳಗೆ ವಿಚಾರಣೆಯ ದಿನ, ಸಮಯ, ಕೋರ್ಟಿನ ವಿಳಾಸ. ಅದರ ಕೆಳಗೆ ಪ್ರೆಸ್ಸಿನ ವಿಳಾಸ, ಫೋನ್ ನಂಬರ್, ಮುದ್ರಕ ನಂದೀಶ್. ಮಡಚಿ, ಕಟ್ಟು ಮಾಡಿ, ಜಾಗವಿಲ್ಲದೆ ಅಂಜಿನಮ್ಮನ ಚಾಪೆಯ ಮೇಲಿಟ್ಟು ಟೀ ಕುಡಿಯಲು ಹೋದೆ.

ಅಂಜಿನಮ್ಮ ನಮ್ಮ ಪ್ರೆಸ್ಸಿನಲ್ಲಿ ಕಾರ್ಡುಗಳನ್ನು ಕವರಿಗೆ ಹಾಕಿ ಮೂಲೆಗೆ ಅರಿಶಿನ ಹಚ್ಚುವ ಕೆಲಸ ಮಾಡುತ್ತಾಳೆ. ನಾನು ವಾಪಸ್ ಬಂದಾಗ ಬಟ್ಟಲಲ್ಲಿ ಬೆರಳು ಅದ್ದಿ ಅದ್ದಿ, 'ಎದುರುಮನೆ'ಯ ಕೊನೆಯ ಕಟ್ಟಿನ ನಾಲ್ಕೂ ಮೂಲೆಗೆ ಹಚ್ಚುತ್ತಿದ್ದಳು. ಉಳಿದ ಕಟ್ಟುಗಳು ಆಗಲೇ ಒಣಗುತ್ತಿದ್ದವು.

"ಅಕ್ಕ, ಏನ್ ಮಾಡ್ಬಿಟ್ಟೆ ನೀನು?"

"ನನ್ನ ಕೆಲಸ ಮಾಡಿದೀನಿ. ಯಜಮಾನ್ರು ಏನ್ ಹೇಳಿದಾರೆ? ಮಡಚಿದ್ದು ಯಾವ್ದೂ ಬರೀ ಮೂಲೇಲಿ ಈ ಹೊಸಿಲು ದಾಟಬಾರ್ದು ಅಂತ. ಕೆನೆ ಕಾಗದ ಮಡಚಿ ನನ್ನ ಚಾಪೆ ಮೇಲೆ ಇಟ್ಟು ಹೋದೋನು ನೀನು."

"ಇದು ಪೇಪರ್ ಅಕ್ಕ. ಜೈಲಲ್ಲಿರೋರ ಸುದ್ದಿ."

"ಜೈಲಲ್ಲಿರೋರಿಗೆ ಒಳ್ಳೇದಾಗ್ಬಾರ್ದಾ?"

ನಾನು ಕಟ್ಟನ್ನು ಗೋಡೆಗೆ ಎಸೆಯುವುದೊಂದು ಬಾಕಿ. ಕೋರ್ಟಿನಲ್ಲಿ ನಗುತ್ತಾರೆ, ತಮಾಷೆ ಮಾಡಿದ್ದೀರಾ ಅಂತಾರೆ. ಅಷ್ಟರಲ್ಲಿ ವಿಶಾಖಾ ಬಂದಳು. ಒಂದು ಪ್ರತಿ ಎತ್ತಿ ತಿರುಗಿಸಿ ನೋಡಿದಳು, ಮೂಸಿದಳು. ಅಮ್ಮನನ್ನು ಪೊಲೀಸರು ಕರೆದುಕೊಂಡು ಹೋದಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಆವತ್ತೇ.

"ಅಮ್ಮ ನೋಡಿದ್ರೆ ಬೈತಾರೆ. ಬೌದ್ಧರು ನಾವು, ನಮ್ಮನೇಲಿ ಮದುವೆ ಕಾರ್ಡಿಗೂ ಅರಿಶಿನ ಇಡಲ್ಲ" ಅಂದಳು. "ಹೋಗ್ಲಿ ಬಿಡು. ಮತ್ತೆ ಅಚ್ಚು ಹಾಕಕ್ಕೆ ಕಾಗದ ಎಲ್ಲಿದೆ?"

ಅಂಗಡಿಗಳಲ್ಲಿ ಯಾರೂ ನಮ್ಮ ಪೇಪರ್ ಇಟ್ಟುಕೊಳ್ಳುತ್ತಿರಲಿಲ್ಲ. ಬುಧವಾರ ಬೆಳಿಗ್ಗೆ ವಿಶಾಖಾ ಮಲ್ಲೇಶ್ವರದ ಕಡೆ ಹೋದಳು, ನಾನು ಬಸವನಗುಡಿಗೆ. ಹಿಂದಿನ ವಾರ ಅರೆಸ್ಟಿನ ಸುದ್ದಿಯ ಜೆರಾಕ್ಸ್ ಹಂಚಲು ಹೋದಾಗ ಇದೇ ಬೀದಿಗಳ ಜನ ಕೈ ಹಿಂದೆ ಕಟ್ಟಿಕೊಂಡಿದ್ದರು, ಕಿಟಕಿ ಹಾಕಿಕೊಂಡಿದ್ದರು. ಬೈಗುಳ ತಯಾರು ಮಾಡಿಕೊಂಡೇ ಮೊದಲ ಮನೆಯ ಬೆಲ್ ಒತ್ತಿದೆ.

ಬಾಗಿಲು ತೆರೆದವರು ಶಕುಂತಲಮ್ಮ. ರಿಟೈರ್ ಆದ ಟೀಚರ್ ಅಂತ ಬೋರ್ಡಿನಲ್ಲಿತ್ತು. ಹಳದಿ ಮೂಲೆ ಕಂಡದ್ದೇ ಕೈಯನ್ನು ಸೆರಗಿಗೆ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡರು.

"ಯಾರ ಮದುವೇನಪ್ಪಾ?"

"ಮದುವೆ ಅಲ್ಲಮ್ಮ. ಓದಿ."

"ಹಾಗೇ ಹೋಗ್ಬೇಡ, ಇರು. ಕರೆಯಕ್ಕೆ ಬಂದೋರನ್ನ ಬರೀ ಬಾಯಲ್ಲಿ ಕಳಿಸ್ತಾರಾ?" ಪಾನಕದ ಲೋಟ ತಂದುಕೊಟ್ಟು, ಕನ್ನಡಕ ಹಾಕಿಕೊಂಡು, ಹೊಸಿಲಲ್ಲೇ ನಿಂತು ಗಟ್ಟಿಯಾಗಿ ಓದತೊಡಗಿದರು. ಹುಡುಗರ ಹೆಸರುಗಳನ್ನು ಹಾಜರಿ ಕರೆದ ಹಾಗೆ ಒಂದೊಂದಾಗಿ ಓದಿದರು. ಓದಿ ಮುಗಿಸಿ ಕನ್ನಡಕ ತೆಗೆದರು. "ಗುರುವಾರ ಅಂದ್ರೆ ನಾಳೇನಾ?"

"ಹೂಂ ಅಮ್ಮ. ಹನ್ನೊಂದಕ್ಕೆ."

ಅವರು ಪತ್ರಿಕೆಯನ್ನು ಒಳಗೆ ತೆಗೆದುಕೊಂಡು ಹೋಗಿ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದನ್ನು ನೋಡಿದೆ.

ಆ ಬೀದಿಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಅರಿಶಿನ ಹಚ್ಚಿದ ಕಾಗದವನ್ನು ಹರಿಯಲು, ಕಸಕ್ಕೆ ಹಾಕಲು ಯಾರಿಗೆ ಕೈ ಬರುತ್ತದೆ? ಪಾನಕ, ಮಜ್ಜಿಗೆ, ಕಾಫಿ ಕುಡಿದು ಕುಡಿದು ಹೊಟ್ಟೆ ಉಬ್ಬಿತು.

ಮಧ್ಯಾಹ್ನ ಪ್ರೆಸ್ಸಿನ ಬಾಗಿಲಲ್ಲೇ ಪೊಲೀಸರು ನನ್ನನ್ನು ಹಿಡಿದುಕೊಂಡರು. ಸ್ಟೇಷನ್ನಿನಲ್ಲಿ ಇನ್‌ಸ್ಪೆಕ್ಟರ್ ಮುಂದೆ ನಮ್ಮ ಪತ್ರಿಕೆಯಿತ್ತು.

"ಮುದ್ರಕ ನಂದೀಶ್ ನೀನಾ?"

"ನಾನೇ." ಎದೆಯುಬ್ಬಿಸಿ ಹೇಳಿದೆ.

"ಪ್ರೆಸ್ ನಿಂದಾ?"

"ಅಲ್ಲ."

"ಮೆಷಿನ್ ನಿಂದಾ? ಬಾಡಿಗೆ ಕರಾರೇನಾದ್ರೂ ಇದೆಯಾ?"

ಇಲ್ಲ ಅಂತ ತಲೆಯಾಡಿಸಿದೆ.

"ಮತ್ತೆ ಮುದ್ರಕ ಹೇಗಾದ್ಯೋ? ಸುಳ್ಳು ಹೆಸರು ಹಾಕಿ, ನಿಜವಾದ ಮುದ್ರಕನ್ನ ಮುಚ್ಚಿಟ್ಟು ಹಂಚಿದೀರಿ. ಕದ್ದು ಹಂಚೋದು ಅಂದ್ರೆ ಇದೇ ತಾನೇ? ನಾಳೆ ಕೋರ್ಟಲ್ಲಿ ನಾವೇ ತೋರಿಸ್ತೀವಿ, ಬಿಡು." ಅವನು ಪತ್ರಿಕೆಯನ್ನು ಫೈಲಿನೊಳಗೆ ಇಟ್ಟ.

ಬೆಂಚಿನ ಮೇಲೆ ಕೂರಿಸಿದರು. ಇನ್‌ಸ್ಪೆಕ್ಟರ್ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೆ ತಿರುಗಿತು. ದೊಡ್ಡ ಗಂಡಸಿನ ಹಾಗೆ ನನ್ನ ಹೆಸರು ಹಾಕು ಅಂದಿದ್ದೆ. ಆ ಹೆಸರೇ ಮೇಡಂ ಕೈಗೆ ಇನ್ನೊಂದು ಬೇಡಿ ಹಾಕಲು ಹೊರಟಿತ್ತು.

ಸಂಜೆ ಆಗುತ್ತಿದ್ದ ಹಾಗೆ ಲಕ್ಷ್ಮಯ್ಯನವರು ಬಂದರು. ಮದುವೆಗಳಿಗೆ ಮಾತ್ರ ಹಾಕುವ ಕಂದು ಕೋಟು ಹಾಕಿಕೊಂಡಿದ್ದರು. ಯಾರೂ ಹೇಳದಿದ್ದರೂ ಇನ್‌ಸ್ಪೆಕ್ಟರ್ ಎದುರಿನ ಕುರ್ಚಿ ಎಳೆದು ಕೂತರು.

"ಪ್ರೆಸ್ ನಂದು. ಮೆಷಿನ್ ನಂದು. ಇವನು ನನ್ನ ಮೆಷಿನ್ನಲ್ಲಿ, ನನ್ನ ಕಣ್ಣೆದುರೇ ಅಚ್ಚು ಹಾಕಿದಾನೆ. ಮುದ್ರಕ ನಾನು ಅಂತ ಬರ್ಕೊಳ್ಳಿ."

"ಯಜಮಾನ್ರೇ, ಈ ವಯಸ್ಸಲ್ಲಿ ಇದೆಲ್ಲ ಬೇಕಾ?"

"ಬೇಡ ಅಂತಾನೇ ಇದ್ದೆ. ಬರ್ಕೊಳ್ಳಿ. ನಂಗೊಂದು ಪ್ರತಿ ಕೊಡಿ, ಮೇಡಂ ವಕೀಲರಿಗೆ ಬೇಕಂತೆ."

ಬರೆದುಕೊಂಡರು, ಸಹಿ ಹಾಕಿಸಿಕೊಂಡರು, ಕರೆದಾಗ ಬರಬೇಕು ಅಂತ ಇಬ್ಬರಿಗೂ ಹೇಳಿ ಕಳಿಸಿದರು. ಹೊರಗೆ ಬಂದಮೇಲೆ ನನಗೆ ಅವರ ಮುಖ ನೋಡಲಾಗಲಿಲ್ಲ.

"ಮಧ್ಯಾಹ್ನದಿಂದ ಫೋನ್ ಕೆಳಗಿಡಕ್ಕೆ ಬಿಟ್ಟಿಲ್ಲ ಕಣೋ ಜನ" ಅಂದರು ಅವರು. "ಛತ್ರಕ್ಕೆ ದಾರಿ ಕೇಳೋ ಹಾಗೆ ಕೋರ್ಟಿಗೆ ದಾರಿ ಕೇಳ್ತಾರೆ. ಯಾವ ಬಸ್ಸು, ಮೆಜೆಸ್ಟಿಕ್ಕಲ್ಲಿಳಿದು ನಡೀಬೋದಾ ಅಂತ. ಯಾರು ಮಾತಾಡೋದು ಅಂತಾನೂ ಕೇಳ್ತಾರಲ್ಲ, ಲಕ್ಷ್ಮಯ್ಯ ಅಂತೀನಿ. ಅಷ್ಟೂ ಜನಕ್ಕೆ ಹೆಸರು ಹೇಳಿ ಹೇಳಿ, ಆಮೇಲೆ ಇಲ್ಲಿ ಬಂದು ಹೇಳೋದೇನು ಕಷ್ಟ ಆಗ್ಲಿಲ್ಲ." ಸ್ವಲ್ಪ ದೂರ ನಡೆದಮೇಲೆ ಸೇರಿಸಿದರು, "ಹೇಡಿ ಮುದುಕ ಅಂದಿದ್ದು ನಂಗೂ ಕೇಳಿಸ್ತು."

ಗುರುವಾರ ಮೈಸೂರು ಬ್ಯಾಂಕ್ ಸರ್ಕಲ್ಲಿನಿಂದಲೇ ಜನ ಕಂಡರು. ಜರಿ ಸೀರೆ ಉಟ್ಟವರು, ಮಲ್ಲಿಗೆ ಮುಡಿದವರು, ಮೊಮ್ಮಕ್ಕಳನ್ನು ಕರೆತಂದವರು. ಪೌರಕಾರ್ಮಿಕರ ಕಾಲೊನಿಯಿಂದ ಆ ಹುಡುಗರ ತಾಯಂದಿರು. ಎಲ್ಲರ ಕೈಯಲ್ಲೂ ಹಳದಿ ಮೂಲೆಯ 'ಎದುರುಮನೆ'. ಗೇಟಿನ ಪೇದೆಗೆ ಏನು ಮಾಡಬೇಕೋ ತೋಚಲಿಲ್ಲ. ಘೋಷಣೆ ಕೂಗಿದ್ದರೆ ಓಡಿಸುತ್ತಿದ್ದ. ಇವರು ಬಸ್ಸಿನ ರಶ್ಶಿನ ಬಗ್ಗೆ ಮಾತಾಡುತ್ತಾ ಒಳಗೆ ನಡೆದರು. ಶಕುಂತಲಮ್ಮ ನನ್ನನ್ನು ಕಂಡು ಕೇಳಿದರು, "ಊಟ ಎಷ್ಟನೇ ಪಂಕ್ತಿಗಪ್ಪಾ?"

ಸರ್ಕಾರಿ ವಕೀಲರು ಕದ್ದು ಹಂಚಿದ ಕರಪತ್ರದ ವಿಷಯ ತೆಗೆದರು. ನಮ್ಮ ವಕೀಲರು ಲಕ್ಷ್ಮಯ್ಯನವರ ಹೇಳಿಕೆಯ ಪ್ರತಿಯನ್ನೂ ಪತ್ರಿಕೆಯನ್ನೂ ಮುಂದಿಟ್ಟರು. ನ್ಯಾಯಾಧೀಶರು ಪತ್ರಿಕೆ ತಿರುಗಿಸಿ ನೋಡಿ, ಬೆರಳಿಗೆ ಹತ್ತಿದ ಅರಿಶಿನವನ್ನು ನೋಡಿ, ಜನರಿಂದ ತುಂಬಿದ ಕೋರ್ಟನ್ನು ನೋಡಿದರು.

"ವಿಳಾಸ ಇದೆ, ಫೋನ್ ನಂಬರ್ ಇದೆ, ಪ್ರೆಸ್ಸಿನವರು ತಾವೇ ಅಂತ ಒಪ್ಪಿದಾರೆ. ಇದರಲ್ಲಿ ಕದ್ದಿದ್ದು ಏನ್ರೀ?"

ಸರ್ಕಾರಿ ವಕೀಲರು ಸಮಯ ಕೇಳಿದರು. ಒಂದು ವಾರ ಕೊಡ್ತೀನಿ, ಮತ್ತೆ ಕೇಳಬೇಡಿ ಅಂದರು ನ್ಯಾಯಾಧೀಶರು.

ಜಾಮೀನು ಸಿಗಲಿಲ್ಲ. ಇನ್ನೂ ಒಂದು ವಾರ ಯಾಕೆ ಒಳಗಿರಬೇಕು? ವ್ಯಾನ್ ಹತ್ತುವಾಗ ಮೇಡಂ ತಿರುಗಿ ಆ ಜನರನ್ನೆಲ್ಲ ಒಂದು ಸಲ ನೋಡಿದರು. ಸೊರಗಿಹೋಗಿದ್ದರು, ಆದರೆ ದನಿ ಹಳೆಯದೇ.

"ಅರಿಶಿನ ಯಾರ ಬುದ್ಧಿವಂತಿಕೆ ವಿಶಾಖಾ?"

"ಅಂಜಿನಮ್ಮಂದು ಅಮ್ಮ. ತಪ್ಪಾಗಿ ಹಚ್ಬಿಟ್ರು."

"ತಪ್ಪು ಅಂತ ಇನ್ಮೇಲೆ ಹೇಳ್ಬೇಡ" ಅಂದರು ಮೇಡಂ, ಬಾಗಿಲು ಮುಚ್ಚಿತು.

ಶಕುಂತಲಮ್ಮ ಹತ್ತಿರ ಬಂದರು. "ಮುಂದಿನ ಗುರುವಾರ ತಾನೇ? ಬರ್ತೀವಿ. ಆದ್ರೆ ಮನೆಗೆ ಬಂದು ಕರೀಬೇಕು. ಕರೀದೆ ಬರೋ ಜನ ಅಲ್ಲ ನಾವು."

ಅವತ್ತು ಮಧ್ಯಾಹ್ನವೇ ಮುಂದಿನ ಸಂಚಿಕೆಯ ಕೆಲಸಕ್ಕೆ ಕೂತೆವು. ಲಕ್ಷ್ಮಯ್ಯನವರು ಕಂಪ್ಯೂಟರ್ ಮುಂದೆ ಕೂತು ಒಂದೊಂದೇ ಕೀಲಿ ಒತ್ತಿ ಕೊನೆಯ ಸಾಲನ್ನು ತಾವೇ ಬರೆದರು. ಮುದ್ರಕರು ಲಕ್ಷ್ಮಯ್ಯ. ಅಕ್ಷರ ಸಣ್ಣದಾಯಿತು ಅಂತ ಇನ್ನೊಂದು ಸುತ್ತು ದಪ್ಪ ಮಾಡಿಸಿದರು. ಅಂಜಿನಮ್ಮ ಚಾಪೆ ಹಾಸಿ ಬಟ್ಟಲಿಗೆ ಅರಿಶಿನ ಸುರಿದಳು.

"ಬೇಗ ಮಡಚಿ ತಾರೋ ನಂದೀಶ. ಕಲಸಿದ್ದು ಒಣಗಿಹೋಗುತ್ತೆ."