ಐದೂವರೆ ಗಂಟೆಯ ದಾರಿ

ನಮ್ಮಪ್ಪ ಬಸ್ ಡ್ರೈವರ್. ಕಿಲೋಮೀಟರ್ ಲೆಕ್ಕ ಅವರಿಗೆ ಆಗಿಬರುವುದಿಲ್ಲ. ಯಾವ ಊರು ಎಷ್ಟು ದೂರ ಎಂದು ಕೇಳಿದರೂ ಗಂಟೆಯಲ್ಲೇ ಹೇಳುತ್ತಾರೆ. ರಸ್ತೆ ಕೆಟ್ಟಿದ್ದರೆ ಇಡೀ ಊರನ್ನೇ ಅರ್ಧ ಗಂಟೆ ಆಚೆಗೆ ತಳ್ಳಿಬಿಡುತ್ತಾರೆ. ಅಮ್ಮ ಟೈಲರ್. ಕಾಲಿಂಚು ಹೆಚ್ಚುಕಮ್ಮಿಯಾದರೂ ಹೊಲಿಗೆ ಬಿಚ್ಚಿ ಕೂರುವವಳು. ಇಂಥ ಇಬ್ಬರ ನಡುವೆ ಆ ರಾತ್ರಿ ನನ್ನ ಕೆಲಸದ ಮಾತು ಸಿಕ್ಕಿಕೊಂಡಿತ್ತು.

ನಾನು ಕೃತಕ ಕಾಲು ಮಾಡುತ್ತೇನೆ. ಸಮುದ್ರದಾಚೆಯ ಆಸ್ಪತ್ರೆಯೊಂದು ನನ್ನನ್ನು ಕರೆದಿತ್ತು. ಬೆಳೆಯುವ ಮಕ್ಕಳಿಗೆಂದೇ ಕಾಲು ಮಾಡುವ ವಿಭಾಗ ಅಲ್ಲಿದೆ, ಅದನ್ನು ಕಲಿಯಬೇಕೆಂದು ನನಗೆ ಬಹಳ ಆಸೆ. ಮರುದಿನ ಬೆಳಿಗ್ಗೆ ಉತ್ತರ ಕೊಡಬೇಕಿತ್ತು. ಅಪ್ಪ ಆಗಲೇ ಹೂಂ ಅಂದಿದ್ದರು. ಅಮ್ಮ ಒಪ್ಪದೆ ನಾನು ಹೊರಡುವವಳಲ್ಲ; ಅದು ಅಮ್ಮನಿಗೂ ಗೊತ್ತಿತ್ತು.

"ಈ ಏರ್‌ಪೋರ್ಟಿಂದ ಆ ಏರ್‌ಪೋರ್ಟಿಗೆ ನಾಲ್ಕು ಸಾವಿರ ಕಿಲೋಮೀಟರ್," ಎಂದಳು ಅಮ್ಮ, ಮಷಿನ್ ತುಳಿಯುತ್ತಲೇ ಫೋನ್ ನೋಡಿ. "ಅರ್ಧ ಏಷ್ಯಾ ದಾಟ್ಬೇಕು. ಇವಳಿಗೆ ಜ್ವರ ಬಂದ್ರೆ ನಾನು ಓಡಿ ಹೋಗ್ಲಾ?"

"ಕಿಲೋಮೀಟರ್ ಆಚೆಗಿಡೇ," ಎಂದರು ಅಪ್ಪ. ನನ್ನ ಕಡೆ ತಿರುಗಿ, "ಎಷ್ಟು ಗಂಟೆ ಹಾರುತ್ತೆ ಹೇಳು," ಎಂದರು.

"ಐದೂವರೆ."

ಅಪ್ಪನ ಮುಖ ಊರಗಲವಾಯಿತು. ಅವರ ಬಸ್ಸಿನ ಟ್ರಿಪ್ಪೂ ಐದೂವರೆ ಗಂಟೆಯದೇ.

"ನಡುವೆ ಟೀಗೆ ಎಲ್ಲಿ ನಿಲ್ಲಿಸ್ತಾರೆ?"

"ಎಲ್ಲೂ ನಿಲ್ಲಿಸಲ್ಲಪ್ಪ."

"ಹಾಗಾದ್ರೆ ನಮಗಿಂತ ವಾಸಿ."

"ಹೊರಡೋಕೆ ಮೂರು ಗಂಟೆ ಮೊದಲೇ ಹೋಗಿ ಕೂತಿರ್ಬೇಕಂತೆ," ಎಂದು ಅಮ್ಮ ಮೂಗು ಮುರಿದಳು.

"ನಮ್ಮ ಸ್ಟ್ಯಾಂಡಲ್ಲಿ ಜನ ಕೂರಲ್ವಾ? ಅದನ್ನ ಯಾರೂ ದೂರಕ್ಕೆ ಸೇರಿಸಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಅಮ್ಮ ನಗಲಿಲ್ಲ. ಅಪ್ಪ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.

"ನೋಡು, ಮದುವೆ ಆದಾಗಿಂದ ದಿನ ಬಿಟ್ಟು ದಿನ ನಾನು ಐದೂವರೆ ಗಂಟೆ ದೂರ ಹೋಗ್ತೀನಿ. ರಾತ್ರಿ ಅಲ್ಲೇ ಮಲಗಿ ಮಾರನೇ ದಿನ ಬರ್ತೀನಿ. ಒಂದು ಸಲನಾದ್ರೂ ನೀನು ದೂರ ಅಂದಿದ್ದೀಯಾ?"

ಮಷಿನ್ ನಿಂತಿತು.

"ಪ್ರತಿ ಸಲ ಅಂದಿದ್ದೀನಿ," ಎಂದಳು ಅಮ್ಮ. "ನೀವು ಹೊರಟ ಮೇಲೆ ಅಂತಿದ್ದೆ."

ಎಂಥ ಪ್ರಯಾಣಿಕ ಜಗಳಕ್ಕೆ ಬಂದರೂ ಬಾಯಿ ಮುಚ್ಚಿಸುವ ಅಪ್ಪ, ತಪ್ಪು ಮಾಡಿದ ಹುಡುಗನ ಹಾಗೆ ನೆಲ ನೋಡುತ್ತ ಕೂತರು. ಇಬ್ಬರ ಮೇಲೂ ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಆ ಆಸ್ಪತ್ರೆಯೇ ಬೇಡ ಅನಿಸಿತು.

"ಬಿಡಮ್ಮ, ನಾನು ಹೋಗಲ್ಲ," ಎಂದೆ.

"ಸುಮ್ನಿರೇ. ಕಾಯೋದು ನಂಗೆ ಹೊಸದಾ?" ಅವಳು ಕಣ್ಣೊರೆಸಿಕೊಂಡು ಮತ್ತೆ ಬಟ್ಟೆ ಕೈಗೆತ್ತಿಕೊಂಡಳು. "ಹೋಗು. ಬರ್ತೀನಿ ಅಂತ ಬರೆದುಬಿಡು. ಆದ್ರೆ ಇಳಿದ ತಕ್ಷಣ ಫೋನ್ ಮಾಡ್ಬೇಕು. ಈ ಮಹಾರಾಯರು ಇವತ್ತಿನವರೆಗೂ ಒಂದು ಸಲಾನೂ ತಲುಪಿದೆ ಅಂತ ಹೇಳಿದವರಲ್ಲ."

ಬೆಳಿಗ್ಗೆ ಎದ್ದವಳೇ ನಾನು ಉತ್ತರ ಕಳಿಸಿದೆ. ಅಪ್ಪ ಎಂದಿನಂತೆ ಬಸ್ಸಿಗೆ ಹೋದರು. ಮಧ್ಯಾಹ್ನ ಅಮ್ಮ ಗಿರಾಕಿಯೊಬ್ಬರ ಅಳತೆ ತೆಗೆದುಕೊಳ್ಳುತ್ತಿದ್ದಾಗ ಅವಳ ಫೋನ್ ಹೊಡೆದುಕೊಂಡಿತು. ಕೈ ಬಿಡುವಿಲ್ಲವೆಂದು ನಾನೇ ಎತ್ತಿ ಸ್ಪೀಕರ್ ಹಾಕಿದೆ.

"ತಲುಪಿದೆ ಕಣೇ," ಎಂದರು ಅಪ್ಪ.