ಫರ್ಮಾನ ಸಾಧನೆ ಮತ್ತು ಪುಟ್ಟಬಸವಯ್ಯ ಮೇಷ್ಟ್ರು

ಫರ್ಮಾ ಎಂಬ ಫ್ರಾನ್ಸಿನ ಗಣಿತಜ್ಞ ಮುನ್ನೂರೈವತ್ತು ವರ್ಷಗಳ ಹಿಂದೆ ಒಂದು ಪ್ರಮೇಯ ಬರೆದು, ‘ಇದು ನಿಜವೆಂದು ತೋರಿಸುವ ಸೊಗಸಾದ ಸಾಧನೆ ನನ್ನಲ್ಲಿದೆ, ಬರೆಯಲು ಇಲ್ಲಿ ಜಾಗವಿಲ್ಲ’ ಎಂದು ಬಿಟ್ಟುಹೋಗಿದ್ದ. ಆಮೇಲೆ ಯಾರಿಗೂ ಸಿಗದ ಆ ಸಾಧನೆ ತಮಗೆ ಸಿಕ್ಕಿದೆ ಎಂದು ನಂಜನಗೂಡಿನ ನಿವೃತ್ತ ಮೇಷ್ಟ್ರು ಪುಟ್ಟಬಸವಯ್ಯ ಹೇಳುತ್ತಾ ಬಂದಿದ್ದರು. ಅದಕ್ಕಾಗಿ 1994ರಲ್ಲಿ ಅವರಿಗೆ ಸನ್ಮಾನ ನಿಗದಿಯಾಯಿತು. ಹಳೆಯ ವಿದ್ಯಾರ್ಥಿ ಸಂಘದ ಮಲ್ಲಿಕಾರ್ಜುನ್, ಟಿ. ನರಸೀಪುರದ ಕಾಲೇಜಿನಲ್ಲಿ ಗಣಿತ ಕಲಿಸುವ ಪವಿತ್ರಳಿಗೆ ಫೋನ್ ಮಾಡಿದ.

“ನೀವೂ ಮೇಷ್ಟ್ರ ಶಿಷ್ಯೆ. ಸಾಧನೆ ಸರಿಯಾಗಿದೆ ಅಂತ ಸ್ಟೇಜ್ ಮೇಲೆ ಎರಡು ಮಾತಾಡಿ, ಸಾಕು.”

ಪವಿತ್ರಳಿಗೆ ಮೊದಲಿನಿಂದಲೂ ಅನುಮಾನ. ತೋರಿಸಿ ಎಂದಾಗಲೆಲ್ಲ ಮೇಷ್ಟ್ರು ತಪ್ಪಿಸಿಕೊಂಡಿದ್ದರು. ಒಮ್ಮೆ ಕಣ್ಣುರಿ, ಇನ್ನೊಮ್ಮೆ ಮನೆಗೆ ನೆಂಟರು. ಈ ಸಲ ಅವಳು ಹೇಳದೆ ಬಸ್ಸು ಹತ್ತಿ ಹೋದಳು.

ಮೇಷ್ಟ್ರು ಮನೆಯ ಕರಿಹಲಗೆಯ ಮೇಲೆ ಬರೆಯತೊಡಗಿದರು. ಒಂದು ಹಂತಕ್ಕೆ ಬಂದಾಗ ಮೈ ಅಡ್ಡ ಇಟ್ಟು ಬೇಗಬೇಗ ಒರೆಸಿದರು.

“ಒರೆಸ್ಬೇಡಿ ಮೇಷ್ಟ್ರೇ. ಈ ತರದ ಸಂಖ್ಯೆಗಳನ್ನ ಒಂದೇ ಒಂದು ರೀತಿಲಿ ಅಪವರ್ತನ ಮಾಡೋಕಾಗತ್ತೆ ಅಂದ್ಕೊಂಡಿದ್ದೀರಿ. ಅದು ನಿಲ್ಲಲ್ಲ. ನಿಮಗೆ ಗೊತ್ತಿತ್ತಲ್ವಾ?”

ಅವರು ಡಸ್ಟರ್ ಕೆಳಗಿಟ್ಟರು.

“ಹೋದ್ ವರ್ಷ ಗೊತ್ತಾಯ್ತು ಕಣವ್ವ. ಅಷ್ಟೊತ್ಗೆ ಊರ್ಗೆಲ್ಲ ಹೇಳ್ಬುಟ್ಟಿದ್ದೆ. ಫರ್ಮಾಗೂ ಇಂಗೇ ಆಗಿರ್ಬೇಕು. ಬರೆದಾಗ ಸುಳ್ಳಲ್ಲ. ಆಮೇಲೆ ತಪ್ಪು ಕಂಡದೆ, ಬಾಯಿ ಬಿಟ್ಟಿಲ್ಲ.”

“ಅವನು ಬರೆದಿದ್ದು ತನಗೋಸ್ಕರ, ತನ್ನ ಪುಸ್ತಕದ ಅಂಚಲ್ಲಿ. ಅಚ್ಚು ಹಾಕಿಸಿದ್ದು ಅವನು ಸತ್ತಮೇಲೆ ಮಗ. ನೀವು ಸನ್ಮಾನಕ್ಕೆ ಒಪ್ಪಿದ್ದೀರಿ.”

ಮೇಷ್ಟ್ರು ಕೈಗಂಟಿದ ಸೀಮೆಸುಣ್ಣ ಕೊಡವಿದರು. “ನೀನೇನೂ ಮಾತಾಡ್ಬೇಡ. ತಪ್ಪು ಅಂತ ಸ್ಟೇಜ್ ಮೇಲೆ ನಾನೇ ಹೇಳ್ತೀನಿ,” ಎಂದರು.

ಅನುಮಾನ ನಿಜವಾದರೂ ಪವಿತ್ರಳಿಗೆ ಸಮಾಧಾನವಾಗಲಿಲ್ಲ. ಈ ಮಾತನ್ನೂ ಅವಳು ನಂಬಲಿಲ್ಲ. ಸಮಾರಂಭದ ದಿನ ಮುಂದಿನ ಸಾಲಿನಲ್ಲೇ ಕೂತಳು.

ಶಾಲು ಹೊದಿಸಲು ಬಂದಾಗ ಮೇಷ್ಟ್ರು ಮೈಕ್ ಹಿಡಿದರು. “ನನ್ನ ಸಾಧನೆ ತಪ್ಪು. ಗೊತ್ತಿದ್ದೂ ಸುಮ್ಮನಿದ್ದೆ.”

“ಎಂಥ ವಿನಯ ನೋಡಿ,” ಎಂದು ಮಲ್ಲಿಕಾರ್ಜುನ್ ಶಾಲು ಹೊದಿಸಿಯೇಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ, ಪವಿತ್ರ ಮೇಡಂ ಹೊಟ್ಟೆಕಿಚ್ಚಿಗೆ ಹಾಗೆ ಹೇಳಿಸಿದರಂತೆ ಎಂಬ ಮಾತು ನಂಜನಗೂಡಿನಿಂದ ನರಸೀಪುರದವರೆಗೂ ಬಂತು.

ಒಂದು ಭಾನುವಾರ ಮೇಷ್ಟ್ರು ಅವಳ ಮನೆಗೆ ಬಂದರು.

“ಒಬ್ರೂ ನಂಬ್ತಿಲ್ಲ ಕಣವ್ವ. ತಪ್ಪು ಎಲ್ಲದೆ ಅಂತ ನಿನ್ ಕ್ಲಾಸ್ನಲ್ಲಿ ಬರೆದು ತೋರಿಸ್ಲಾ?”

ಪವಿತ್ರ ಟೈಂಟೇಬಲ್ ತೆಗೆದು ನೋಡಿದಳು. “ಬುಧವಾರ ಬನ್ನಿ,” ಎಂದಳು.

ಮೇಷ್ಟ್ರು ಬಂದರು. ಬೆಲ್ ಹೊಡೆದ ಮೇಲೂ ಅವರ ಪಾಠ ನಡೆದೇ ಇತ್ತು.